ಬಾಯಿಮಾತಿನ ಎಕ್ಸ್‌ಟ್ರಾ ಕೆಲಸ, ಕತ್ತರಿಸಿದ ಬಿಲ್ಲು: ಕಾಂಟ್ರ್ಯಾಕ್ಟ್ ನೋಡಿಕೊಳ್ಳಲು ನೀವು ಯಾವ ಸಾಫ್ಟ್‌ವೇರ್ ಬಳಸುತ್ತೀರಿ?

ರಾವೇತ್ ಗಿಲಾವು, ಪುಣೆ

ನಮಸ್ಕಾರ. ನಾವು ಇಂಡಿ ಕಡೆಯವರು. ಪುಣೆಯಲ್ಲಿ ಬ್ಲಾಕ್ ಗೋಡೆ ಮತ್ತು ಗಿಲಾವಿನ (ಪ್ಲಾಸ್ಟರ್) ಕೆಲಸ ಹಿಡಿಯುತ್ತೇವೆ. ಕಾಕಾ 20 ವರ್ಷದ ಹಿಂದೆ ಗೋಡೆ ಕಟ್ಟುವ ಗೌಂಡಿಯಾಗಿ ಬಂದವರು, ಈಗ ಅವರೇ ಮುಕಾದಮ್, ಅಂದರೆ ಗ್ಯಾಂಗ್ ನಡೆಸುವವರು. ನಾನು ಡಿಪ್ಲೊಮಾ ಮುಗಿಸಿ ಮೂರು ವರ್ಷದಿಂದ ಅವರ ಬಿಲ್ಲು, ಹಾಜರಿ, ಪಗಾರ ನೋಡಿಕೊಳ್ಳುತ್ತಿದ್ದೇನೆ. ರಾವೇತ್, ಮೋಶಿ, ಹಿಂಜವಡಿ ಅಂತ ಮೂರು ಸೈಟು, ಎಲ್ಲಾ ಸೇರಿ 60 ಜನ. ಹೆಚ್ಚಿನವರು ಇಂಡಿ, ಸಿಂದಗಿ, ಜೇವರ್ಗಿ ಕಡೆಯವರು.

ಹೋದ ವರ್ಷ ಒಂದು ಸೈಟಿನಲ್ಲಿ ಸ್ಯಾಂಪಲ್ ಫ್ಲ್ಯಾಟ್ ನೋಡಿದ ಮೇಲೆ ಟಾಯ್ಲೆಟ್ ಗೋಡೆ 9 ಇಂಚು ಸರಿಸಬೇಕು ಅಂತ ಆಯಿತು. ಅಷ್ಟರಲ್ಲಿ ನಾವು 7ರಿಂದ 10ನೇ ಮಹಡಿವರೆಗೆ ಕಟ್ಟಿ ಮುಗಿಸಿದ್ದೆವು, ಎರಡು ಮಹಡಿಗೆ ಗಿಲಾವೂ ಆಗಿತ್ತು. ಸೈಟ್ ಇಂಜಿನಿಯರ್ ಕಾಕಾಗೆ ಫೋನ್ ಮಾಡಿ "ಒಡೆದು ಕಟ್ಟಿಬಿಡಿ, ಎಕ್ಸ್‌ಟ್ರಾದಲ್ಲಿ ಹಾಕೋಣ" ಎಂದರು. ಒಡೆದೆವು, ಡೆಬ್ರಿಸ್ ಕೆಳಗಿಳಿಸಿದೆವು, ಮತ್ತೆ ಕಟ್ಟಿದೆವು. 1,86,000 ರೂಪಾಯಿ ಬಿಲ್ ಹಾಕುವ ಹೊತ್ತಿಗೆ ಆ ಇಂಜಿನಿಯರ್ ಕೆಲಸ ಬಿಟ್ಟಿದ್ದರು. ಹೊಸಬರು ಕೇಳಿದ್ದು ಒಂದೇ ಮಾತು: "ಯಾರು ಹೇಳಿದ್ದು, ಕಾಗದ ತೋರಿಸಿ."

ನಮ್ಮ ಹತ್ತಿರ ಇದ್ದದ್ದು ಕಾಕಾನ ಡೈರಿ. ಸಿಮೆಂಟ್ ಕೈ ಹತ್ತಿ ಹಾಳೆ ಎಲ್ಲ ಬಿರುಸಾಗಿವೆ. ಅದರಲ್ಲಿ ಇಷ್ಟೇ ಇದೆ: "ಮಂಗಳವಾರ. 8ನೇ ಮಾಳಿಗೆ ಸಂಡಾಸ್ ಗೋಡೆ ಒಡೆದದ್ದು. ಗೌಂಡಿ 4, ಬಿಗಾರಿ 9." ಯಾರ ಸಹಿಯೂ ಇಲ್ಲ. ಆ 9 ಜನ ಬಿಗಾರಿಗಳಿಗೆ, ಅಂದರೆ ಕೈಯಾಳುಗಳಿಗೆ, ಶನಿವಾರ ಪಗಾರ ಕೊಡಲೇಬೇಕಾಗಿತ್ತು, ಕಾಕಾ ಊರಿನಿಂದ ಸಾಲ ತರಿಸಿ ಕೊಟ್ಟರು. ಅದು ಇನ್ನೂ ತೀರಿಲ್ಲ. ಇದು ಸಾಲದು ಅಂತ, ಎರಡು ವರ್ಷದ ಹಿಂದೆ ಮುಗಿಸಿದ ಬೇರೊಂದು ಸೈಟಿನ 5% ರಿಟೆನ್ಷನ್ ಹಣ (ಕೆಲಸದಲ್ಲಿ ದೋಷ ಬಂದರೆ ಅಂತ ಬಿಲ್‌ನಿಂದ ಹಿಡಿದಿಡುವುದು) ಕೇಳುವುದೇ ನಮಗೆ ಮರೆತುಹೋಗಿತ್ತು.

ಮೊನ್ನೆ ಒಬ್ಬರು ಬಂದು ಸಾಫ್ಟ್‌ವೇರ್ ಡೆಮೊ ಕೊಟ್ಟರು. ಟೆಂಡರ್, ಬಿಒಕ್ಯೂ (ಕೆಲಸದ ಐಟಂ, ಪ್ರಮಾಣದ ಪಟ್ಟಿ), ಸ್ಟೋರ್, ಖರೀದಿ, ಹಾಜರಿ ಅಂತ ಪರದೆ ಮೇಲೆ ಪರದೆ. ತಲೆಗೆ ಇಷ್ಟು ಅಂತ ತಿಂಗಳ ಬಾಡಿಗೆ. ನಮ್ಮಂಥವರಿಗೆ ಅಷ್ಟೆಲ್ಲ ಬೇಕಾ? ನಿಮ್ಮಲ್ಲಿ ಯಾರಾದರೂ ಬಳಸಿ ನೋಡಿದ್ದರೆ ಹೇಳಿ. ಕಾಕಾಗೆ ಕನ್ನಡ ಬರೆಯಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ವಾಟ್ಸಾಪ್‌ನಲ್ಲಿ ಬರೆದದ್ದು ನಡೆಯುತ್ತದಾ ಅನ್ನುವುದೂ ಗೊತ್ತಾಗಬೇಕು.

ಠಾಣೆ ಬಿಲ್ಲಿಂಗ್

ನಾನು ನಿಮ್ಮ ಎದುರು ಪಾಳಯದವನು. ಠಾಣೆಯಲ್ಲಿ ಒಂದು ಮೇನ್ ಕಾಂಟ್ರ್ಯಾಕ್ಟರ್ ಕಂಪನಿಯಲ್ಲಿ 14 ವರ್ಷದಿಂದ ಸಬ್ ಕಾಂಟ್ರ್ಯಾಕ್ಟರ್‌ಗಳ ಆರ್‌ಎ ಬಿಲ್ (ಕೆಲಸ ನಡೆಯುವಾಗಲೇ ಕೊಡುವ ಕಂತಿನ ಬಿಲ್) ಚೆಕ್ ಮಾಡುತ್ತೇನೆ. ನಿಮ್ಮ ಕಾಕಾನಂಥ ಎಷ್ಟೋ ಜನ ಡೈರಿ ಹಿಡಿದು ನನ್ನ ಟೇಬಲ್ ಮುಂದೆ ನಿಂತದ್ದು ನೋಡಿದ್ದೇನೆ. ಕೆಲಸ ಆಗಿದೆ ಅಂತ ಕಣ್ಣಿಗೆ ಕಾಣುತ್ತಿರುತ್ತದೆ, ಆದರೂ ಪಾಸ್ ಮಾಡಲು ಆಗುವುದಿಲ್ಲ. ಅದು ನನಗೂ ಹಿತವಲ್ಲ.

ಯಾಕೆ ಆಗುವುದಿಲ್ಲ ಅಂತ ಹೇಳುತ್ತೇನೆ. ದೊಡ್ಡ ಕಂಪನಿಗಳಲ್ಲಿ ಬಿಲ್ ಹೋಗುವುದು ಸ್ಯಾಪ್ ಅಥವಾ ಅಂಥದ್ದೇ ಇನ್ನೊಂದು ಇಆರ್‌ಪಿ (ಇಡೀ ಕಂಪನಿಯ ಲೆಕ್ಕ ನಡೆಸುವ ಸಾಫ್ಟ್‌ವೇರ್) ಮೂಲಕ. ಅದರಲ್ಲಿ ನಿಮ್ಮ ವರ್ಕ್ ಆರ್ಡರ್ ಇರುತ್ತದೆ, ಐಟಂ, ಕ್ವಾಂಟಿಟಿ, ದರದ ಸಮೇತ. ಆರ್ಡರ್‌ನಲ್ಲಿ ಇಲ್ಲದ ಐಟಂ ಹಾಕಲು ಹೋದರೆ ಸಿಸ್ಟಂ ತೆಗೆದುಕೊಳ್ಳುವುದೇ ಇಲ್ಲ. ಅದಕ್ಕೆ ಆರ್ಡರ್ ತಿದ್ದುಪಡಿ ಆಗಬೇಕು, ತಿದ್ದುಪಡಿಗೆ ಪ್ರಾಜೆಕ್ಟ್ ಮ್ಯಾನೇಜರ್ ಸಹಿ ಬೇಕು, ಅವರು ಯಾವ ಸೂಚನೆ ಮೇಲೆ ಅಂತ ಕೇಳುತ್ತಾರೆ. ಹಾಗಾಗಿ ಸೈಟ್ ಇಂಜಿನಿಯರ್ "ಎಕ್ಸ್‌ಟ್ರಾದಲ್ಲಿ ಹಾಕೋಣ" ಎಂದ ಕೂಡಲೇ ನೀವು ಕೇಳಬೇಕಾದ್ದು "ಸರ್, ವರ್ಕ್ ಆರ್ಡರ್ ತಿದ್ದುಪಡಿ ಯಾವಾಗ ಬರುತ್ತದೆ?" ಎಷ್ಟೋ ಇಂಜಿನಿಯರ್‌ಗಳಿಗೆ ಎಕ್ಸ್‌ಟ್ರಾ ಕೆಲಸ ಹೇಳುವ ಅಧಿಕಾರವೇ ಇರುವುದಿಲ್ಲ. ಯಾರಿಗಿದೆ ಅಂತ ವರ್ಕ್ ಆರ್ಡರ್‌ನಲ್ಲಿ ಬರೆದಿರುತ್ತದೆ, ಓದಿ.

ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ, ಈಗಲೇ ಕೊಳ್ಳಬೇಡಿ. ಪ್ರಿಮಾವೆರಾ, ಅಕೋನೆಕ್ಸ್, ಪ್ರೊಕೋರ್ ಇವೆಲ್ಲ ನಮ್ಮಂಥವರಿಗೆ, ನಮ್ಮ ಮೇಲಿನ ಕನ್ಸಲ್ಟೆಂಟ್‌ಗಳಿಗೆ. ಸಣ್ಣ ಕಂಪನಿಗಳು ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಬರೀ ಪಿಡಿಎಫ್ ಇಡುವ ಕಪಾಟು ಆಗಿರುವುದನ್ನು ತುಂಬಾ ಕಡೆ ನೋಡಿದ್ದೇನೆ. ಕಾಂಟ್ರ್ಯಾಕ್ಟ್ ಒಳಗೆ ಏನಿದೆ ಅಂತ ಯಾರೂ ಓದಿ ತುಂಬಿಸದಿದ್ದರೆ ಅದು ಏನನ್ನು ನೆನಪಿಸಬೇಕು ಹೇಳಿ?

ಮೊದಲು ಮೂರು ಸೈಟಿನ ಮೂರು ವರ್ಕ್ ಆರ್ಡರ್ ಮುಂದಿಟ್ಟುಕೊಂಡು ಒಂದು ಶೀಟ್ ಮಾಡಿ. ಯಾರು ಸೂಚನೆ ಕೊಡಬಹುದು, ಬಿಲ್ ಯಾವ ತಾರೀಖಿಗೆ, ಹಣ ಎಷ್ಟು ದಿನದಲ್ಲಿ, ಕ್ಲೇಮ್ ಇದ್ದರೆ ಎಷ್ಟು ದಿನದೊಳಗೆ ತಿಳಿಸಬೇಕು, ರಿಟೆನ್ಷನ್ ಯಾವಾಗ ಬಿಡುತ್ತಾರೆ. ಕ್ಲೇಮ್ ದಿನ ತುಂಬಾ ಮುಖ್ಯ. ಫಿಡಿಕ್ ಅನ್ನುವ ಅಂತರರಾಷ್ಟ್ರೀಯ ಮಾದರಿ ಕಾಂಟ್ರ್ಯಾಕ್ಟ್‌ಗಳಲ್ಲಿ 28 ದಿನ ಅಂತಿದೆ. ನಿಮ್ಮ ಸಣ್ಣ ವರ್ಕ್ ಆರ್ಡರ್‌ನಲ್ಲಿ 7 ದಿನ ಅಂತ ಇದ್ದರೂ ಇರಬಹುದು.

ಇನ್ನೊಂದು, ಅಳತೆ ಹೇಗೆ ಅಂತ. ಇದರಲ್ಲೇ ಗಿಲಾವಿನವರು ಎಲ್ಲಕ್ಕಿಂತ ಜಾಸ್ತಿ ಕಳೆದುಕೊಳ್ಳುವುದು. ಒಂದು ಬಾಗಿಲು ತೆಗೆದುಕೊಳ್ಳಿ, 0.9 ಮೀಟರ್ ಅಗಲ, 2.1 ಮೀಟರ್ ಎತ್ತರ, ಅಂದರೆ 1.89 ಚದರ ಮೀಟರ್. ಐಎಸ್ 1200, ಅಂದರೆ ಕಟ್ಟಡ ಕೆಲಸ ಅಳೆಯುವ ಭಾರತೀಯ ಮಾನದಂಡ, ಅದರ 12ನೇ ಭಾಗದ ಪ್ರಕಾರ ಅರ್ಧ ಚದರ ಮೀಟರ್‌ವರೆಗಿನ ಓಪನಿಂಗ್‌ಗೆ ಏನೂ ಕಳೆಯುವ ಹಾಗಿಲ್ಲ. ಅದಕ್ಕಿಂತ ದೊಡ್ಡದು, 3 ಚದರ ಮೀಟರ್‌ವರೆಗೆ, ಗೋಡೆಯ ಎರಡೂ ಕಡೆ ಒಂದೇ ಥರದ ಗಿಲಾವು ಇದ್ದರೆ ಒಂದು ಕಡೆಯದು ಮಾತ್ರ ಕಳೆಯಬೇಕು. ಬಾಗಿಲ ಸುತ್ತ ಗೋಡೆಯ ದಪ್ಪಕ್ಕೆ ಹಚ್ಚುವ ಅಂಚಿನ ಗಿಲಾವಿಗೆ ಬೇರೆ ದುಡ್ಡಿಲ್ಲ, ಅದಕ್ಕೇ ಇನ್ನೊಂದು ಕಡೆಯದನ್ನು ಬಿಟ್ಟಿರುವುದು. ಆದರೆ ಎಷ್ಟೋ ಬಿಲ್‌ಗಳಲ್ಲಿ ಎರಡೂ ಕಡೆ ಕಳೆದು, ಅಂಚಿನದನ್ನೂ ಕೊಡದೆ ಇರುತ್ತಾರೆ. ಒಂದು ಫ್ಲ್ಯಾಟಿಗೆ 6 ಬಾಗಿಲು, 88 ಫ್ಲ್ಯಾಟ್ ಅಂದುಕೊಳ್ಳಿ: 528 ಬಾಗಿಲು, 998 ಚದರ ಮೀಟರ್ ಹತ್ತಿರ ಬಂತು. ನಿಮ್ಮ ದರಕ್ಕೆ ಗುಣಿಸಿ ನೋಡಿ. ವರ್ಕ್ ಆರ್ಡರ್‌ನಲ್ಲಿ "ಅಳತೆ ಐಎಸ್ 1200 ಪ್ರಕಾರ" ಅಂತ ಒಂದು ಸಾಲು ಇದ್ದರೆ ನನ್ನಂಥವನು ಅದನ್ನು ಮೀರಲು ಆಗುವುದಿಲ್ಲ. ಬೇರೆ ಥರ ಬರೆದಿದ್ದರೆ ಅದೇ ನಡೆಯುತ್ತದೆ, ಸಹಿ ಮಾಡುವ ಮೊದಲೇ ಕೇಳಿ ಹಾಕಿಸಿಕೊಳ್ಳಿ.

ಫೋಂಡಾ ಕ್ಯೂಎಸ್, ಗೋವಾ

ಠಾಣೆ ಸರ್ ಹೇಳಿದ್ದು ಸರಿ, ಆದರೆ ಒಂದು ಮಾತು ಒಪ್ಪುವುದಿಲ್ಲ. ಶೀಟ್ ಮಾಡಿ ಮುಗಿಯುವವರೆಗೆ ಕಾಯಬೇಡಿ. ಎಕ್ಸ್‌ಟ್ರಾ ಕೆಲಸ ಇವತ್ತು ಮಧ್ಯಾಹ್ನವೂ ಬರಬಹುದು. ಅದನ್ನು ಬರೆದಿಡುವುದು ಇವತ್ತೇ ಶುರುವಾಗಲಿ.

ನಾವು ಮಾಡಿದ್ದು ಹೇಳುತ್ತೇನೆ. ನಮ್ಮಲ್ಲಿ ಕೊಪ್ಪಳ, ಗದಗ ಕಡೆಯ ಗ್ಯಾಂಗ್‌ಗಳಿವೆ. ಮೊದಲು ಒಂದು ದುಬಾರಿ ಆ್ಯಪ್ ಹಾಕಿಸಿದೆವು, ಯಾವ ಮುಕಾದಮ್ ಕೂಡ ಎರಡು ವಾರದ ಮೇಲೆ ಅದನ್ನು ತೆರೆಯಲಿಲ್ಲ. ತಪ್ಪು ಅವರದಲ್ಲ. ಏಣಿ ಮೇಲೆ ನಿಂತವನಿಗೆ ಇಂಗ್ಲಿಷ್ ಮೆನು ಕೊಟ್ಟು ಒಂದು ಸಾಲು ಬರೆಯಲು ಹನ್ನೊಂದು ಸಲ ಒತ್ತಿಸಿದರೆ ಯಾರು ಮಾಡುತ್ತಾರೆ? ಆಮೇಲೆ ಕನ್ನಡದಲ್ಲೇ ಒಂದು ಗೂಗಲ್ ಫಾರ್ಮ್ ಮಾಡಿದೆ. ಐದೇ ಪ್ರಶ್ನೆ. ಯಾವ ಸೈಟು, ಎಲ್ಲಿ, ಏನು ಮಾಡಲು ಹೇಳಿದರು, ಯಾರು ಹೇಳಿದರು, ಫೋಟೋ. ಒತ್ತಿದ ಕೂಡಲೇ ತಾರೀಖು, ಸಮಯದ ಸಮೇತ ಗೂಗಲ್ ಶೀಟ್‌ಗೆ ಬಂದು ಬೀಳುತ್ತದೆ. ನಾನು ಅದಕ್ಕೆ ಎಕ್ಸ್-01, ಎಕ್ಸ್-02 ಅಂತ ನಂಬರ್ ಕೊಟ್ಟು ಅದೇ ಸಂಜೆ ಎದುರು ಕಂಪನಿಗೆ ಮೇಲ್ ಹಾಕುತ್ತೇನೆ: "ಇವತ್ತು ನಿಮ್ಮ ಇಂಜಿನಿಯರ್ ಇಂಥ ಕೆಲಸ ಹೇಳಿದ್ದಾರೆ, ನಮ್ಮ ದರ ಇಷ್ಟು, ನಾಳೆ ಬೆಳಿಗ್ಗೆ ಶುರು ಮಾಡುತ್ತೇವೆ, ಬೇಡವಾದರೆ ಈಗಲೇ ತಿಳಿಸಿ." ಪ್ರತಿ ಆರ್‌ಎ ಬಿಲ್ ಜೊತೆ ಆ ಶೀಟ್‌ನ ಪೂರ್ತಿ ಪಟ್ಟಿ ಲಗತ್ತಿಸುತ್ತೇನೆ, ಒಪ್ಪಿದ್ದು, ಒಪ್ಪದ್ದು, ಉತ್ತರ ಬರದ್ದು ಎಲ್ಲ. ಹೊಸ ಇಂಜಿನಿಯರ್ ಬಂದರೂ ಪಟ್ಟಿ ಫೈಲ್‌ನಲ್ಲಿ ಇದ್ದೇ ಇರುತ್ತದೆ.

ಬೇಸ್‌ಮೆಂಟ್‌ನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಫಾರ್ಮ್ ತೆರೆಯುವುದಿಲ್ಲ. ಹಾಗಾಗಿ ಫೋಟೋ ಮಾತ್ರ ಅಲ್ಲಿ ತೆಗೆದು ಮೇಲೆ ಬಂದು ತುಂಬಿಸಲು ಹೇಳಿ. ಫೋಟೋ ಮೇಲೆ ತಾರೀಖು, ಜಾಗ ಮೂಡುವ ಜಿಪಿಎಸ್ ಕ್ಯಾಮೆರಾ ಆ್ಯಪ್ ಹಾಕಿಕೊಳ್ಳಿ. ಮೂಲ ಫೋಟೋ ಫೋನ್‌ನಲ್ಲೇ ಇರಲಿ, ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿ ಒಳಗಿನ ತಾರೀಖಿನ ಮಾಹಿತಿಯನ್ನೂ ತೆಗೆದುಹಾಕುತ್ತದೆ.

ಡ್ರಾಯಿಂಗ್ ವಿಷಯ ಯಾರೂ ಹೇಳಲಿಲ್ಲ. ನಿಮ್ಮ ಟಾಯ್ಲೆಟ್ ಗೋಡೆ ಸರಿದದ್ದು ಡ್ರಾಯಿಂಗ್ ಬದಲಾದ್ದರಿಂದ, ಅಲ್ವಾ? ಹಾಗಾದರೆ ಹಳೆಯ ಡ್ರಾಯಿಂಗ್ ಆರ್2, ಹೊಸದು ಆರ್3 ಅಂತ ಏನಾದರೂ ನಂಬರ್ ಇದ್ದೇ ಇರುತ್ತದೆ. ನೀವು ಕಟ್ಟಿದ ದಿನ ನಿಮ್ಮ ಕೈಯಲ್ಲಿದ್ದದ್ದು ಆರ್2, ಆರ್3 ನಿಮಗೆ ಬಂದದ್ದು ಆಮೇಲೆ ಅಂತ ತೋರಿಸಿದರೆ ಅರ್ಧ ಜಗಳ ಮುಗಿಯಿತು. ಯಾವ ಡ್ರಾಯಿಂಗ್ ಯಾವತ್ತು ಬಂತು ಅನ್ನುವುದಕ್ಕೆ ಅದೇ ಗೂಗಲ್ ಶೀಟ್‌ನಲ್ಲಿ ಇನ್ನೊಂದು ಹಾಳೆ ಸಾಕು. ಹಾಗೇ ಕೆಲಸ ನಿಂತ ದಿನಗಳು. ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಿಲಾವು ಎಷ್ಟು ದಿನ ನಿಲ್ಲುತ್ತದೆ ಅಂತ ನಮಗೆ ಗೊತ್ತು, ಬರೆದಿಡದಿದ್ದರೆ ಕೊನೆಗೆ ತಡವಾದದ್ದಕ್ಕೆ ದಂಡ ನಮಗೇ. ಸರ್ಕಾರಿ ಕೆಲಸಗಳಲ್ಲಿ ಹಿಂಡ್ರೆನ್ಸ್ ರಿಜಿಸ್ಟರ್ ಅಂತ ಇದಕ್ಕೇ ಇಡುತ್ತಾರೆ. ಮರಳು ಬರಲಿಲ್ಲ, ಪ್ಲಂಬರ್ ಮುಗಿಸಲಿಲ್ಲ, ಹಾಯ್ಸ್ಟ್ (ಮಾಲು ಎತ್ತುವ ಲಿಫ್ಟ್) ಕೆಟ್ಟಿತ್ತು, ಎಲ್ಲ ಅವತ್ತೇ ಬರೆಯಿರಿ.

ಮುಂದೆ ಸೈಟು ಹೆಚ್ಚಾದರೆ ಇಆರ್‌ಪಿ ನೆಕ್ಸ್ಟ್ ನೋಡಬಹುದು, ನಿಮ್ಮ ಮುಂಬೈಯ ಫ್ರಾಪೆಯವರದ್ದೇ, ಓಪನ್ ಸೋರ್ಸ್. ಲೈಸೆನ್ಸ್‌ಗೆ ದುಡ್ಡಿಲ್ಲ, ಆದರೆ ನಡೆಸಲು ಒಬ್ಬ ತಿಳಿದವನು ಬೇಕು.

ಕೋಥ್ರೂಡ್ ಲೆಕ್ಕಪತ್ರ, ಪುಣೆ

ತಮ್ಮಾ, ಆ ಮರೆತ ರಿಟೆನ್ಷನ್ ಹಣದ ಬಗ್ಗೆ ಓದಿ ಹೊಟ್ಟೆ ಉರಿಯಿತು. ನಾನು ಇಂಥ ಎಂಟು ಸಬ್ ಕಾಂಟ್ರ್ಯಾಕ್ಟರ್‌ಗಳ ಲೆಕ್ಕ ಬರೆಯುತ್ತೇನೆ, ಎಲ್ಲರದ್ದೂ ಇದೇ ಕಥೆ. ಆರ್‌ಎ ಬಿಲ್‌ನಲ್ಲಿ 5% ಹಿಡಿದಾಗ ಟ್ಯಾಲಿಯಲ್ಲಿ ಪಾರ್ಟಿ ಹೆಸರಿನಲ್ಲೇ ಬಾಕಿ ಅಂತ ಬಿಟ್ಟುಬಿಡುತ್ತಾರೆ, ವರ್ಷ ಕಳೆದ ಮೇಲೆ ಅದು ಯಾವ ಬಾಕಿ ಅಂತ ಯಾರಿಗೂ ತಿಳಿಯುವುದಿಲ್ಲ. ರಿಟೆನ್ಷನ್‌ಗೆ ಸೈಟಿಗೊಂದು ಬೇರೆ ಲೆಡ್ಜರ್ ಮಾಡಿಸಿ. ಬಿಡುಗಡೆ ತಾರೀಖನ್ನು ಫೋನ್ ಕ್ಯಾಲೆಂಡರ್‌ನಲ್ಲಿ ಹಾಕಿ, ಒಂದು ತಿಂಗಳು ಮೊದಲು ಬಡಿಯಲಿ.

ಆ ತಾರೀಖು ಯಾವುದು ಅಂತ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಓದಿ. ಕೆಲವರು "ಕೆಲಸ ಮುಗಿದ 12 ತಿಂಗಳಿಗೆ" ಎಂದು ಬರೆಯುತ್ತಾರೆ. ಇನ್ನು ಕೆಲವರು ಫ್ಲ್ಯಾಟ್ ಕೊಳ್ಳುವವರ ರಕ್ಷಣೆಗೆ ಇರುವ ರೇರಾ ಕಾಯ್ದೆಯಲ್ಲಿ ಬಿಲ್ಡರ್ ಮೇಲಿರುವ 5 ವರ್ಷದ ದೋಷ ಜವಾಬ್ದಾರಿಯನ್ನು ಹಾಗೇ ನಿಮ್ಮ ಮೇಲೆ ಹೊರಿಸಿ, ಹಣವನ್ನೂ ಅಲ್ಲಿವರೆಗೆ ಹಿಡಿದಿಡುತ್ತಾರೆ. ಆ ಐದು ವರ್ಷ ಲೆಕ್ಕ ಶುರುವಾಗುವುದು ಫ್ಲ್ಯಾಟ್ ಕೊಟ್ಟ ದಿನದಿಂದ. ನಿಮ್ಮ ಗಿಲಾವು ಮುಗಿದು ಆಗಲೇ ಎರಡು ವರ್ಷ ಆಗಿರುತ್ತದೆ. ಇದನ್ನು ಸಹಿ ಮಾಡುವಾಗಲೇ ಮಾತಾಡಬೇಕು.

ಟಿಡಿಎಸ್, ಅಂದರೆ ಹಣ ಕೊಡುವವರು ನಿಮ್ಮ ಬಿಲ್‌ನಿಂದ ಮೊದಲೇ ಹಿಡಿಯುವ ತೆರಿಗೆ, ಅದನ್ನೂ ನೋಡಿಕೊಳ್ಳಿ. ಕಾಕಾ ಒಬ್ಬರ ಹೆಸರಿನಲ್ಲಿ ವ್ಯವಹಾರ ಇದ್ದರೆ 1% ಹಿಡಿಯಬೇಕು, ಪಾರ್ಟ್‌ನರ್‌ಶಿಪ್ ಅಥವಾ ಕಂಪನಿ ಆದರೆ 2%. ಹಿಡಿದದ್ದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ತೆರಿಗೆ ಪಟ್ಟಿಯಲ್ಲಿ ಬಂದಿದೆಯಾ ಅಂತ ಮೂರು ತಿಂಗಳಿಗೊಮ್ಮೆ ತಾಳೆ ನೋಡಿ.

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿದ್ದೀರಾ? ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು ಅಂತ 2006ರ ಕಾಯ್ದೆ ಇದೆ. 2023ರ ಬಜೆಟ್‌ನಲ್ಲಿ ಬಂದ ನಿಯಮದಿಂದ, ಅಷ್ಟರೊಳಗೆ ಕೊಡದಿದ್ದರೆ ಕೊಡುವವರೆಗೆ ಅವರಿಗೆ ಆದಾಯ ತೆರಿಗೆಯಲ್ಲಿ ಆ ಖರ್ಚು ಸಿಗುವುದಿಲ್ಲ. ಮಾರ್ಚ್ ಹತ್ತಿರ ಬಂದಾಗ ಕೆಲವು ಪಾರ್ಟಿಗಳು ತಾವಾಗಿಯೇ ಫೋನ್ ಮಾಡಿ ಹಣ ಹಾಕುವುದು ಇದಕ್ಕೇ. ಹಾಗಂತ ಇದನ್ನೇ ನಂಬಿ ಕೂರಬೇಡಿ. ವರ್ಕ್ಸ್ ಕಾಂಟ್ರ್ಯಾಕ್ಟ್, ಅಂದರೆ ಮಾಲು ಮತ್ತು ಕೆಲಸ ಎರಡೂ ಸೇರಿದ ಕಾಂಟ್ರ್ಯಾಕ್ಟ್, ಆ 2006ರ ಕಾಯ್ದೆಯ ಕೆಳಗೆ ಬರುವುದಿಲ್ಲ ಅಂತ ಬಾಂಬೆ ಹೈಕೋರ್ಟ್ ತೀರ್ಪುಗಳಿವೆ. ನಿಮ್ಮದು ಬರೀ ಲೇಬರ್ ಕೆಲಸವಾ, ಮಾಲು ಸಮೇತವಾ ಅನ್ನುವುದನ್ನು ನಿಮ್ಮ ಸಿಎಗೆ ತೋರಿಸಿ.

ಫೋರ್ಟ್ ಕಲಂ, ಮುಂಬೈ

ನಾನು ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ ನಡೆಯುವ) ಕೇಸ್‌ಗಳ ಕಾಗದಪತ್ರ ಜೋಡಿಸುವ ಕೆಲಸದಲ್ಲಿದ್ದೇನೆ. ವಾಟ್ಸಾಪ್ ನಡೆಯುತ್ತದಾ ಅಂತ ಕೇಳಿದ್ದಕ್ಕೆ ಉತ್ತರ: ನಡೆಯುತ್ತದೆ. ಇಲೆಕ್ಟ್ರಾನಿಕ್ ರೂಪದಲ್ಲಿ ಆದ ಒಪ್ಪಂದ ಅದೇ ಕಾರಣಕ್ಕೆ ಬಿದ್ದುಹೋಗುವುದಿಲ್ಲ ಅಂತ 2000ದ ಐಟಿ ಕಾಯ್ದೆಯ 10ಎ ಕಲಂ ಹೇಳುತ್ತದೆ. ಆದರೆ ಕೋರ್ಟಿನಲ್ಲಿ ಬರೀ ಸ್ಕ್ರೀನ್‌ಶಾಟ್ ಹಿಡಿದು ಹೋದರೆ ಸಾಲದು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ, ಅದರ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಅದರಲ್ಲಿ ಒಂದು ಭಾಗ ನೀವು ತುಂಬಬೇಕು, ಇನ್ನೊಂದು ಭಾಗ ತಜ್ಞರು. ಅದಕ್ಕೇ ಆ ಫೋನ್ ಮಾರಬೇಡಿ, ಚಾಟ್ ಅಳಿಸಬೇಡಿ, ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ಎರಡು ಕಡೆ ಇಡಿ.

ನಿಮ್ಮ 1,86,000 ಸತ್ತುಹೋದ ಹಣ ಅಂತ ಬಿಡಬೇಡಿ. ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ನ್ಯಾಯವಾಗಿ ಮಾಡಿದ ಕೆಲಸದ ಲಾಭ ಇನ್ನೊಬ್ಬರು ಪಡೆದಿದ್ದರೆ ಅವರು ಪರಿಹಾರ ಕೊಡಬೇಕು ಅಂತ 1872ರ ಕರಾರು ಕಾಯ್ದೆಯ 70ನೇ ಕಲಂ ಇದೆ. ವರ್ಕ್ ಆರ್ಡರ್‌ನಲ್ಲಿ "ಲಿಖಿತ ಆದೇಶವಿಲ್ಲದೆ ಎಕ್ಸ್‌ಟ್ರಾ ಇಲ್ಲ" ಅಂತ ಇದ್ದರೆ ದಾರಿ ಕಷ್ಟ, ಆದರೂ ವಕೀಲರಿಗೆ ತೋರಿಸಿ. ಸಾಮಾನ್ಯವಾಗಿ ಮಾಡಿದ ಕೆಲಸದ ಹಣಕ್ಕೆ ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ ಹೋಗಬೇಕು. ಕಾಕಾನ ಕಾಲ್ ಹಿಸ್ಟರಿ, ಡೈರಿ, ಆ ದಿನಗಳ ಹಾಜರಿ, ಪಗಾರ ಪಟ್ಟಿ, ಡೆಬ್ರಿಸ್ ಒಯ್ದ ಗಾಡಿಯ ಗೇಟ್ ಪಾಸ್ ಎಲ್ಲ ಒಂದು ಕಡೆ ಸೇರಿಸಿ. ಗೇಟ್ ಪಾಸ್ ಸಣ್ಣ ಚೀಟಿ ಅನ್ನಿಸಬಹುದು, ಅದರ ಮೇಲೆ ಅವರದೇ ಸೆಕ್ಯುರಿಟಿಯ ಸಹಿ ಇರುತ್ತದೆ.

ಒಂದು ಕೈಮುಗಿದು ಹೇಳುವ ಮಾತು. ಫೈನಲ್ ಬಿಲ್ ಹೊತ್ತಿಗೆ "ಇನ್ನು ಯಾವ ಬಾಕಿಯೂ ಇಲ್ಲ" ಅಂತ ಒಂದು ಹಾಳೆಗೆ ಸಹಿ ಕೇಳುತ್ತಾರೆ. ಎಕ್ಸ್‌ಟ್ರಾ ಬಾಕಿ ಇರುವಾಗ ಅದಕ್ಕೆ ಸುಮ್ನೆ ಸಹಿ ಹಾಕಬೇಡಿ. ಹಾಕಿದ ಮೇಲೆ ನಮ್ಮ ಹತ್ತಿರ ಬರುವವರನ್ನು ನೋಡಿದರೆ ಸಂಕಟವಾಗುತ್ತದೆ.

ರಾವೇತ್ ಗಿಲಾವು, ಪುಣೆ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರಿಗೂ ಮನಸಾರೆ ಧನ್ಯವಾದ. ಗೋವಾದ ಅಣ್ಣ ಹೇಳಿದ ಫಾರ್ಮ್ ಮಾಡಿದೆ. ಕಾಕಾ ಮೊದಲ ದಿನ ಟೈಪ್ ಮಾಡಲು ಒದ್ದಾಡಿದರು, ಈಗ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿ ತುಂಬಿಸುತ್ತಾರೆ. "ಸಂಡಾಸ್" ಅಂತ ಹೇಳಿದರೂ ಸರಿಯಾಗಿ ಬರೆಯುತ್ತದೆ.

ಮೂರು ಎಕ್ಸ್‌ಟ್ರಾ ದಾಖಲಾಗಿವೆ. ಎಕ್ಸ್-01ಕ್ಕೆ ಎದುರಿನವರು ಬೇಡ ಎಂದರು, ನಾವು ಮಾಡಲಿಲ್ಲ. ಹೋದ ವರ್ಷ ಆಗಿದ್ದರೆ ಮಾಡಿ ಮುಗಿಸಿರುತ್ತಿದ್ದೆವು. ಎಕ್ಸ್-02ಕ್ಕೆ ತಿದ್ದುಪಡಿ ಬಂತು. ಎಕ್ಸ್-03 ಮೋಶಿಯದು: ಪ್ಲಂಬರ್ ಪೈಪ್ ಬದಲಿಸುವುದರಿಂದ 4ನೇ ಮಹಡಿಯಲ್ಲಿ ಪೈಪ್ ಹೋಗುವ ಡಕ್ಟ್‌ನ ಗಿಲಾವು ಉದುರಿಸಿ ಮತ್ತೆ ಮಾಡಬೇಕು. ಅವರ ಉತ್ತರ "ಮಾಡಿ, ದರ ಆಮೇಲೆ" ಅಂತ ಬಂದಿದೆ.

ಕೋಥ್ರೂಡ್ ಅಕ್ಕಾ, ರಿಟೆನ್ಷನ್‌ಗೆ ಪತ್ರ ಕೊಟ್ಟೆವು, ತೆಗೆದುಕೊಂಡಿದ್ದೇವೆ ಅಂತ ಸೀಲ್ ಹಾಕಿ ಪ್ರತಿ ಕೊಟ್ಟಿದ್ದಾರೆ. ಟಾಯ್ಲೆಟ್ ಗೋಡೆಯ ಗೇಟ್ ಪಾಸ್‌ಗಳು ಟ್ರ್ಯಾಕ್ಟರ್‌ನವನ ಹತ್ತಿರ 11 ಸಿಕ್ಕವು. ವಕೀಲರನ್ನು ಮುಂದಿನ ವಾರ ನೋಡುತ್ತೇವೆ.

ಠಾಣೆ ಸರ್, ಎಕ್ಸ್-03ಕ್ಕೆ ದರ ಚದರ ಮೀಟರ್‌ಗೆ ಕೇಳುವುದಾ, ದಿನಗೂಲಿ ಲೆಕ್ಕಕ್ಕೆ ಕೇಳುವುದಾ?

ಠಾಣೆ ಬಿಲ್ಲಿಂಗ್

ಹೊಸ ಗಿಲಾವಿಗೆ ಚದರ ಮೀಟರ್. ಉದುರಿಸುವುದಕ್ಕೆ ದಿನಗೂಲಿ, ಯಾಕೆಂದರೆ ಉದುರಿಸಿದ್ದನ್ನು ಆಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ. ಗೌಂಡಿ ಎಷ್ಟು, ಬಿಗಾರಿ ಎಷ್ಟು, ಎಷ್ಟು ಗಂಟೆ ಅಂತ ಲೇಬರ್ ಸ್ಲಿಪ್ ಬರೆದು ಅದೇ ಸಂಜೆ ಇಂಜಿನಿಯರ್ ಸಹಿ ಹಾಕಿಸಿ, ಮೇಲೆ ಎಕ್ಸ್-03 ಅಂತ ನಂಬರ್ ಇರಲಿ. ಮರುದಿನಕ್ಕೆ ಬಿಟ್ಟರೆ ಅವರು 9 ಜನರನ್ನು 6 ಮಾಡುತ್ತಾರೆ. ಸ್ಲಿಪ್‌ನ ಫೋಟೋ ಫಾರ್ಮ್‌ಗೆ ಹಾಕಿ. ಶುರು ಮಾಡುವ ಮೊದಲು ಡಕ್ಟ್‌ನ ಈಗಿನ ಗಿಲಾವಿನ ಫೋಟೋ ಟೇಪ್ ಹಿಡಿದು ತೆಗೆಯಿರಿ.

ರಾವೇತ್ ಗಿಲಾವು, ಪುಣೆ

ಆಯಿತು ಸರ್. ಕಾಕಾ ಚಿಂಚವಡಕ್ಕೆ ಹೋಗಿದ್ದಾರೆ, ಮೂರು ಪ್ರತಿ ಬರುವ ಕಾರ್ಬನ್ ಪುಸ್ತಕ ತರಲು. ಕೆಲಸ ನಾಳೆ ಬೆಳಿಗ್ಗೆ 8ಕ್ಕೆ ಶುರು, ಟೇಪ್ ಹಿಡಿದ ಫೋಟೋ ಈಗಲೇ ತೆಗೆದು ಹಾಕುತ್ತೇನೆ.